ಗಣಕಯಂತ್ರದ ಮನೆಯಲ್ಲಿ ದಾಯಾದಿ ಜಗಳ



ನಾನು ಮೆಟ್ರಿಕ್‌ವರೆಗೆ ಓದಿ, ಬ್ಯಾಂಕಿನಲ್ಲಿ ಗುಮಾಸ್ತನಾಗಿ ದುಡಿದು, ನಿವೃತ್ತನಾಗಿ ಊರಿಗೆ ಬಂದವನು. ಗಣಕಯಂತ್ರದ ಪಂಡಿತನಲ್ಲ. ಆದರೂ ಇಂದು ಗಣಕಯಂತ್ರದ ಲೋಕದ ಒಂದು ಜಗಳವನ್ನು ತಮ್ಮ ಮುಂದೆ ಇಡುತ್ತಿದ್ದೇನೆ. ಏಕೆಂದರೆ ಆ ಜಗಳದಲ್ಲಿ ನನ್ನ ಅಕ್ಕನ 11 ಪದಗಳು ಹೋದವು.

ನಡೆದದ್ದು ಇಷ್ಟು. ಅಕ್ಕನಿಗೆ ಬೀಸುವ ಕಲ್ಲಿನ ಪದಗಳು ಬಹಳ ಬರುತ್ತಿದ್ದವು. ಕೆಲವು ಕನ್ನಡ, ಕೆಲವು ಮರಾಠಿ ಓವಿ, ಇನ್ನು ಕೆಲವು ಅರ್ಧ ಅದು, ಅರ್ಧ ಇದು. ನಿವೃತ್ತಿಯ ಬಿಡುವಿನಲ್ಲಿ ಅವಳಿಂದ ಹಾಡಿಸಿ 43 ಪದಗಳನ್ನು ಮನೆಯ ಹಳೆಯ ಕಂಪ್ಯೂಟರಿನಲ್ಲಿ ಒಂದೊಂದೇ ಅಕ್ಷರ ಹುಡುಕಿ ಬೆರಳಚ್ಚು ಮಾಡಿದ್ದೆ. ಲಾತೂರಿನಲ್ಲಿ ಓದುವ ನನ್ನ ತಮ್ಮನ ಮಗ ಆ ಯಂತ್ರಕ್ಕೆ ಉಬುಂಟು ಎಂಬ ವ್ಯವಸ್ಥೆಯನ್ನು ಹಾಕಿಕೊಟ್ಟಿದ್ದ. ದೀಪಾವಳಿಗೆ ಸೊಲ್ಲಾಪುರದಿಂದ ತಂಗಿಯ ಮಗ ಬಂದ. ಅವನು ಡೆಬಿಯನ್ ಎಂಬ ಇನ್ನೊಂದು ವ್ಯವಸ್ಥೆಯ ಅಭಿಮಾನಿ. ನಾನು ಹೊಲಕ್ಕೆ ಹೋಗಿ ಬರುವಷ್ಟರಲ್ಲಿ ಕೆಲಸ ಮುಗಿಸಿ ಕುಳಿತಿದ್ದ.

“ಮಾಮಾ, ಆ ಉಬುಂಟು ಭಾಳ ಭಾರ ಆಗಿತ್ರಿ. ಅಳಸಿ ಡೆಬಿಯನ್ ಹಾಕೀನಿ. ಈಗ ನೋಡ್ರಿ ಹ್ಯಾಂಗ ಓಡ್ತದ” ಎಂದ.

“ಅದ್ರಾಗ ಅಕ್ಕನ ಪದಾ ಇದ್ದವಲ್ಲೋ?” ಎಂದೆ.

ಅವನ ಮುಖ ಸಣ್ಣದಾಯಿತು. ಪೆನ್ ಡ್ರೈವಿನಲ್ಲಿ ಎಲ್ಲ ಇವೆ ಎಂದು ಅವನು ತಿಳಿದಿದ್ದ. ನೋಡಿದರೆ ಅಲ್ಲಿ ಇದ್ದದ್ದು 20. ಲಾತೂರಿಗೆ ಫೋನು ಹೋಯಿತು. “ದೊಡ್ಡಪ್ಪಾ, ಅಂವಗ ಕೈ ಹಚ್ಚಲಿಕ್ಕೆ ಯಾಕ ಬಿಟ್ರಿ?” ಎಂದು ತಮ್ಮನ ಮಗ ಕೂಗಾಡಿದ. ಆಮೇಲೆ ಅಣ್ಣತಮ್ಮಂದಿರಿಬ್ಬರೂ ಯಾವುದು ಮೇಲು ಎಂದು ಅರ್ಧ ತಾಸು ಫೋನಿನಲ್ಲಿ ವಾದಿಸಿದರು. ಪದಗಳ ಮಾತು ಅಲ್ಲಿಗೇ ಬಿಟ್ಟುಹೋಯಿತು. ಅಕ್ಕ ಮತ್ತೆ ಹಾಡಲು ಕುಳಿತಳು. 12 ನೆನಪಾದವು. 11 ಬರಲಿಲ್ಲ.

ತಪ್ಪು ಉಬುಂಟುವಿನದೂ ಅಲ್ಲ, ಡೆಬಿಯನ್ನಿನದೂ ಅಲ್ಲ. ಆಯುಷ್ಯವೆಲ್ಲ ಲೆಕ್ಕದ ನಕಲು ತೆಗೆದಿಟ್ಟ ಗುಮಾಸ್ತನಾಗಿ ನನ್ನ ಮನೆಯ ಲೆಕ್ಕಕ್ಕೆ ನಾನೇ ನಕಲು ಇಡಲಿಲ್ಲ. ಆದರೂ ಇಬ್ಬರು ಒಳ್ಳೆಯ ಹುಡುಗರು ಇಷ್ಟು ಹಟ ಹಿಡಿಯುವ ಈ ವಸ್ತು ಏನು ಎಂದು ತಿಳಿಯಬೇಕೆನಿಸಿತು. ತಿಳಿದದ್ದನ್ನು ಹೇಳುತ್ತೇನೆ.

ಮೊದಲು ಈ ವ್ಯವಸ್ಥೆ ಎಂದರೇನು? ಬ್ಯಾಂಕಿನ ಶಾಖೆಯನ್ನು ನೆನೆಯಿರಿ. ಗಿರಾಕಿ ನೇರವಾಗಿ ತಿಜೋರಿಗೆ ಕೈ ಹಾಕುವಂತಿಲ್ಲ. ಚೀಟಿ ಬರೆದು ಕೌಂಟರಿಗೆ ಕೊಡಬೇಕು. ಯಾರ ಚೀಟಿ ಮೊದಲು, ಯಾವ ಖಾತೆ ಯಾರು ನೋಡಬಹುದು, ತಿಜೋರಿಯ ಕೀಲಿ ಯಾರ ಬಳಿ ಎಂಬುದಕ್ಕೆಲ್ಲ ಒಂದು ಆಡಳಿತವಿರುತ್ತದೆ. ಗಣಕಯಂತ್ರದಲ್ಲಿಯೂ ಹಾಗೆಯೇ. ನಾವು ಪತ್ರ ಬರೆಯುವ, ಚಿತ್ರ ನೋಡುವ ಕಾರ್ಯಕ್ರಮಗಳೆಲ್ಲ ಗಿರಾಕಿಗಳು. ಅವರಿಗೂ ಯಂತ್ರದ ತಿಜೋರಿಗೂ ನಡುವೆ ಕುಳಿತ ಆಡಳಿತವೇ ಕಾರ್ಯಾಚರಣ ವ್ಯವಸ್ಥೆ, ಇಂಗ್ಲಿಷಿನಲ್ಲಿ ಆಪರೇಟಿಂಗ್ ಸಿಸ್ಟಮ್. ಪೇಟೆಯಲ್ಲಿ ಕೊಂಡು ತಂದ ಕಂಪ್ಯೂಟರಿನಲ್ಲಿ ಸಾಮಾನ್ಯವಾಗಿ ಮೈಕ್ರೋಸಾಫ್ಟ್ ಕಂಪನಿಯ ವಿಂಡೋಸ್ ಇರುತ್ತದೆ. 1990ರ ದಶಕದಲ್ಲಿ ನಮ್ಮ ಶಾಖೆಗೆ ಯಂತ್ರ ಬಂದಾಗ ಅದರಲ್ಲಿದ್ದದ್ದು ಯುನಿಕ್ಸ್. ಕಪ್ಪು ಪರದೆ, ಬಿಳಿ ಅಕ್ಷರ. ಇದು 1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ಎಂಬವರ ಕೈಯಲ್ಲಿ ಹುಟ್ಟಿತು. ಇಂದಿನ ಜಗಳಗಾರರೆಲ್ಲ ಒಂದಲ್ಲ ಒಂದು ರೀತಿಯಲ್ಲಿ ಈ ಯುನಿಕ್ಸಿನ ಮನೆತನದವರೇ.

ಇವುಗಳಲ್ಲಿ ಕೆಲವನ್ನು ಇಂಗ್ಲಿಷಿನಲ್ಲಿ ‘ಫ್ರೀ’ ಎನ್ನುತ್ತಾರೆ. ಇಂಗ್ಲಿಷಿಗೆ ಇಲ್ಲಿ ಒಂದೇ ಶಬ್ದ, ಅದರಿಂದ ಗೊಂದಲ. ನಮಗೆ ಎರಡಿವೆ: ಒಂದು ಫುಕಟ್, ಒಂದು ಮುಕ್ತ. ಫುಕಟ್ ಎಂದರೆ ದುಡ್ಡಿಲ್ಲ, ಅಷ್ಟೇ. ಮುಕ್ತ ಎಂದರೆ ಬೇರೆ. ಕಂಪನಿಯ ಹೈಬ್ರಿಡ್ ಬೀಜವನ್ನು ವರ್ಷ ವರ್ಷ ಕೊಳ್ಳಬೇಕು. ಅದೇ ನಮ್ಮ ಮಾಲದಂಡಿ ಜೋಳವನ್ನು ಕಣಜದಲ್ಲಿಟ್ಟು ಮತ್ತೆ ಬಿತ್ತಬಹುದು, ಒಳ್ಳೆಯ ತೆನೆ ಆರಿಸಿ ಸುಧಾರಿಸಬಹುದು, ಬೀಗರಿಗೆ ಒಂದು ಚೀಲ ಕೊಡಬಹುದು. ಬೇಡ ಎನ್ನುವವರಿಲ್ಲ. 1983ರಲ್ಲಿ ಅಮೆರಿಕದ ರಿಚರ್ಡ್ ಸ್ಟಾಲ್‌ಮನ್ ತಂತ್ರಾಂಶಕ್ಕೂ ಇದೇ ಹಕ್ಕು ಇರಬೇಕು ಎಂದು ಸಾರಿದರು. ಬೇಕಾದ ಕೆಲಸಕ್ಕೆ ಬಳಸುವ, ಬಿಚ್ಚಿ ನೋಡುವ, ಹಂಚುವ, ತಿದ್ದುವ ಹಕ್ಕು. ಯುನಿಕ್ಸಿನಂಥದೇ ಒಂದು ಮುಕ್ತ ವ್ಯವಸ್ಥೆಯನ್ನು ಕಟ್ಟಲು ಹೊರಟು ಅದಕ್ಕೆ ಗ್ನು ಎಂದು ಹೆಸರಿಟ್ಟರು. 1991ರಲ್ಲಿ ಫಿನ್‌ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾಲಯದ 21 ವರ್ಷದ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ ಅಂಥ ವ್ಯವಸ್ಥೆಯ ತಿರುಳನ್ನು ಬರೆದ. ಅದು ಲಿನಕ್ಸ್. ತಿರುಳು ಒಬ್ಬನದು, ಸುತ್ತಲಿನ ಬಹಳಷ್ಟು ಇನ್ನೊಬ್ಬರ ಬಳಗದ್ದು. ಕೂಡಿದ್ದಕ್ಕೆ ‘ಲಿನಕ್ಸ್’ ಎನ್ನಬೇಕೋ ‘ಗ್ನು-ಲಿನಕ್ಸ್’ ಎನ್ನಬೇಕೋ ಎಂಬುದೇ ಮೊದಲ ಜಗಳಗಳಲ್ಲಿ ಒಂದು. ಅದು ಇನ್ನೂ ಮುಗಿದಿಲ್ಲ.

ಬರೀ ತಿರುಳಿನಿಂದ ಮನೆ ನಡೆಯುವುದಿಲ್ಲ. ತಿರುಳಿಗೆ ಬೇಕಾದ ಸಲಕರಣೆಗಳನ್ನೆಲ್ಲ ಕೂಡಿಸಿ, ಹಾಕಿಕೊಳ್ಳಲು ಸುಲಭವಾಗುವಂತೆ ಕಟ್ಟಿಕೊಡುವ ಬಳಗಗಳು ಹುಟ್ಟಿದವು. 1993ರಲ್ಲಿ ಸ್ಲ್ಯಾಕ್‌ವೇರ್, ಅದೇ ವರ್ಷ ಡೆಬಿಯನ್, ಆಮೇಲೆ ರೆಡ್ ಹ್ಯಾಟ್, 2004ರಲ್ಲಿ ಉಬುಂಟು, ಹೀಗೆ ನೂರಾರು. ಆಷಾಢದಲ್ಲಿ ಪಂಢರಪುರಕ್ಕೆ ಹೋಗುವ ದಿಂಡಿಗಳನ್ನು ತಾವು ನೋಡಿದ್ದೀರಿ. ಪ್ರತಿ ದಿಂಡಿಗೂ ತನ್ನ ಪತಾಕೆ, ತನ್ನ ಶಿಸ್ತು, ತನ್ನ ಅಡುಗೆ. ಹೋಗುವ ಊರು ಒಂದೇ. ಇವೂ ಹಾಗೆಯೇ. ಡೆಬಿಯನ್ ದಿಂಡಿಯವರು ನಿಧಾನಸ್ಥರು, ಎಲ್ಲ ಪರೀಕ್ಷಿಸಿ ಸಿದ್ಧವಾದ ಮೇಲೆಯೇ ಹೊಸ ಆವೃತ್ತಿ ಬಿಡುವವರು, ಮುಕ್ತತೆಯ ಮಡಿ ಹೆಚ್ಚು. ಉಬುಂಟು ಆರು ತಿಂಗಳಿಗೊಮ್ಮೆ, ಏಪ್ರಿಲ್ ಮತ್ತು ಅಕ್ಟೋಬರಿನಲ್ಲಿ, ಹೊಸ ಆವೃತ್ತಿ ಬಿಡುತ್ತದೆ. ಮೊದಲು ಅದರ ಸಿ.ಡಿ.ಗಳನ್ನು ಕೇಳಿದವರಿಗೆ ಅಂಚೆಯಲ್ಲಿ ಫುಕಟ್ ಕಳಿಸುತ್ತಿದ್ದರು, 2011ರಲ್ಲಿ ನಿಲ್ಲಿಸಿದರು. ಇನ್ನೊಂದು ಮಾತು ಕೇಳಿದರೆ ತಮಗೆ ನಗು ಬಂದೀತು. ಉಬುಂಟುವನ್ನು ಕಟ್ಟಿರುವುದೇ ಡೆಬಿಯನ್ನಿನ ಸಾಮಾನಿನಿಂದ. ನನ್ನ ತಮ್ಮನ ಮಗನೂ ತಂಗಿಯ ಮಗನೂ ಒಂದೇ ಅಜ್ಜಿಯ ಮೊಮ್ಮಕ್ಕಳಾಗಿ ಜಗಳಾಡಿದ ಹಾಗೆ.

ಹಾಗಾದರೆ ಅಭಿಮಾನಿಗಳು ಏಕೆ ಕಾದಾಡುತ್ತಾರೆ? ಒಂದು ಕಾರಣ, ಇವು ಸುಲಭವಾಗಿ ಕೈಗೆ ಬಂದವಲ್ಲ. ರಾತ್ರಿ ನಿದ್ದೆಗೆಟ್ಟು ಕಲಿತ ವಿದ್ಯೆಯನ್ನು ಮತ್ತೊಬ್ಬ ಬಂದು ‘ಇದು ಸರಿಯಿಲ್ಲ’ ಎಂದರೆ ಯಾರಿಗೂ ಸಿಟ್ಟು ಬರುತ್ತದೆ. ಇನ್ನೊಂದು ಕಾರಣ ತತ್ತ್ವದ್ದು, ಅದು ಪೊಳ್ಳಲ್ಲ. ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಬೆಳೆದ ಬಿ.ಎಸ್.ಡಿ. ಎಂಬ ಯುನಿಕ್ಸ್ ವಂಶವಿದೆ. ಅವರ ಕರಾರು ಹೀಗೆ: ನಮ್ಮ ಬೀಜ ಒಯ್ಯಿ, ಏನು ಬೇಕಾದರೂ ಮಾಡು, ಚೀಲ ಹೊಲಿದು ಮುಚ್ಚಿ ಮಾರಿಕೊಂಡರೂ ನಡೆದೀತು, ನಮ್ಮ ಹೆಸರು ಅಳಿಸಬೇಡ. ಲಿನಕ್ಸ್ ಒಪ್ಪಿಕೊಂಡ ಸ್ಟಾಲ್‌ಮನ್ನರ ಕರಾರು ಬೇರೆ: ಒಯ್ಯಿ, ಸುಧಾರಿಸು, ಆದರೆ ಸುಧಾರಿಸಿದ್ದನ್ನು ಹಂಚುವಾಗ ನಮ್ಮ ಹಾಗೆಯೇ ಬಿಚ್ಚಿ ಹಂಚು. ಆಪಲ್ ಕಂಪನಿ ತನ್ನ ಮ್ಯಾಕ್ ಯಂತ್ರಗಳ ವ್ಯವಸ್ಥೆಗೆ ಬಿ.ಎಸ್.ಡಿ.ಯ ಭಾಗಗಳನ್ನು ತೆಗೆದುಕೊಂಡಿತು. ಅದನ್ನು ಒಂದು ಪಕ್ಷ ಉದಾರತೆ ಎನ್ನುತ್ತದೆ, ಇನ್ನೊಂದು ಪಕ್ಷ ಬಾಗಿಲು ತೆರೆದಿಟ್ಟ ತಪ್ಪು ಎನ್ನುತ್ತದೆ. ಎರಡರಲ್ಲಿಯೂ ಅರ್ಥವಿದೆ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ನಮ್ಮಲ್ಲಿ ಅಣ್ಣತಮ್ಮಂದಿರು ಜಗಳಾಡಿದರೆ ಪಾಲು, ಅಂದರೆ ವಾಟಣಿ, ಆಗುತ್ತದೆ. ಸಾತ್-ಬಾರಾ ಉತಾರಾದಲ್ಲಿ ಎರಡು ಹೆಸರು ಏರುತ್ತವೆ, 8 ಎಕರೆ ಹೊಲ 4 ಮತ್ತು 4 ಆಗುತ್ತದೆ. ಮುಕ್ತ ತಂತ್ರಾಂಶದಲ್ಲಿ ಪಾಲಾದರೆ ಇಬ್ಬರಿಗೂ ಪೂರ್ತಿ 8 ಎಕರೆ ಸಿಗುತ್ತದೆ. ಏಕೆಂದರೆ ನಕಲು ತೆಗೆದರೆ ಮೂಲ ಕುಗ್ಗುವುದಿಲ್ಲ, ನಕಲು ತೆಗೆಯುವ ಹಕ್ಕು ಎಲ್ಲರಿಗೂ ಇದೆ. ಮನೆಯಲ್ಲಿ ಮನಸ್ಸು ಕೂಡದವನು ಎಲ್ಲವನ್ನೂ ಹೊತ್ತುಕೊಂಡು ಹೋಗಿ ಬೇರೆ ಒಲೆ ಹೂಡಬಹುದು. ಈ ಲೋಕದ ಜಗಳಗಳು ಇಷ್ಟು ಜೋರಾಗಿರುವುದಕ್ಕೂ, ಇಷ್ಟು ಜಗಳವಾದರೂ ಮನೆ ಬೀಳದಿರುವುದಕ್ಕೂ ಇದೇ ಕಾರಣ.

ಉದಾಹರಣೆ ನೋಡಿ. ಬಿ.ಎಸ್.ಡಿ. ವಂಶದ ನೆಟ್‌ಬಿ.ಎಸ್.ಡಿ.ಯನ್ನು ಸ್ಥಾಪಿಸಿದವರಲ್ಲಿ ಒಬ್ಬರಾದ ಥಿಯೋ ಡಿ ರಾಟ್ ಅವರನ್ನು 1994ರ ಡಿಸೆಂಬರಿನಲ್ಲಿ ಜೊತೆಗಾರರೇ ಹೊರಗೆ ಕಳಿಸಿದರು. ಅವರು ಎಲ್ಲದರ ನಕಲು ತೆಗೆದುಕೊಂಡು 1995ರಲ್ಲಿ ಓಪನ್‌ಬಿ.ಎಸ್.ಡಿ. ಆರಂಭಿಸಿದರು. ಭದ್ರತೆಯೇ ಅವರ ವ್ರತವಾಯಿತು. ಆ ಮನೆಯಿಂದ 1999ರಲ್ಲಿ ಓಪನ್‌ಎಸ್‌ಎಸ್‌ಎಚ್ ಬಂತು. ದೂರದ ಯಂತ್ರದ ಜೊತೆ ನಡುವೆ ಯಾರೂ ಕದ್ದು ಕೇಳದ ಹಾಗೆ ಮಾತಾಡುವ ಸಾಧನ ಅದು. ಹೊರಗೆ ಹಾಕಿದ ನೆಟ್‌ಬಿ.ಎಸ್.ಡಿ.ಯೂ, ಪ್ರತಿಸ್ಪರ್ಧಿ ಲಿನಕ್ಸ್ ಬಳಗಗಳೂ ಇಂದು ಅದನ್ನೇ ಬಳಸುತ್ತವೆ. ಜಗಳದ ಮನೆಯ ಬಾವಿಯ ನೀರನ್ನು ಊರೆಲ್ಲ ಕುಡಿಯಿತು.

ಎರಡನೆಯದು ಡೆಬಿಯನ್ನಿನ ಮನೆಯದು. ಬೆಳಿಗ್ಗೆ ಶಾಖೆಯ ಶಟರ್ ಎತ್ತಿ, ದೀಪ ಹಾಕಿ, ಒಬ್ಬೊಬ್ಬರನ್ನಾಗಿ ಕೆಲಸಕ್ಕೆ ಕೂರಿಸುವ ಸಿಪಾಯಿಯಂಥ ಒಂದು ಕಾರ್ಯಕ್ರಮ ಪ್ರತಿ ಯಂತ್ರದಲ್ಲಿಯೂ ಇರುತ್ತದೆ. ಹಳೆಯ ಸಿಪಾಯಿಯ ಬದಲು ಸಿಸ್ಟಮ್‌ಡಿ ಎಂಬ ಹೊಸಬ ಬಂದ. ಚುರುಕು, ಆದರೆ ಶಟರ್ ಎತ್ತುವುದರ ಜೊತೆಗೆ ಇನ್ನೂ ಹತ್ತು ಕೆಲಸಗಳನ್ನು ತಾನೇ ಹಿಡಿದುಕೊಳ್ಳುವವನು. 2014ರ ಫೆಬ್ರುವರಿಯಲ್ಲಿ ಡೆಬಿಯನ್ನಿನ ತಾಂತ್ರಿಕ ಸಮಿತಿಯ ಮತಗಳು ಸಮ ಸಮವಾಗಿ, ಕೊನೆಗೆ ಅಧ್ಯಕ್ಷರ ನಿರ್ಣಾಯಕ ಮತದಿಂದ ಹೊಸಬ ಗೆದ್ದ. ಒಪ್ಪದವರು ಅದೇ ನವೆಂಬರಿನಲ್ಲಿ ಬೇರೆಯಾಗಿ ಡೆವುಆನ್ ಎಂಬ ಮನೆ ಕಟ್ಟಲು ಹೊರಟರು. ಅವರ ಮೊದಲ ಸ್ಥಿರ ಆವೃತ್ತಿ ಹೊರಬರಲು 2017 ಬರಬೇಕಾಯಿತು.

ಈ ಎರಡೂವರೆ ವರ್ಷದ ತಡವನ್ನು ಗಮನಿಸಿರಿ. ಹೊಲ ಪೂರ್ತಿ ಸಿಕ್ಕಿತು, ನಿಜ. ಆದರೆ ದುಡಿಯುವ ಆಳುಗಳು ನಕಲಾಗುವುದಿಲ್ಲ. ಹತ್ತು ಜನ ದುಡಿಯುತ್ತಿದ್ದ ಕಡೆ ಪಾಲಾದ ಮೇಲೆ ಐದು ಮತ್ತು ಐದು. ಇಂಗ್ಲಿಷಿನಂಥ ದೊಡ್ಡ ಭಾಷೆಗೆ ಇದು ತಾಗುವುದಿಲ್ಲ, ಅವರ ಬಳಿ ಸಾವಿರಾರು ಆಳುಗಳಿದ್ದಾರೆ. ಕನ್ನಡಕ್ಕೆ ತಾಗುತ್ತದೆ.

ಹೇಗೆ ಎಂದು ಹೇಳುತ್ತೇನೆ. ಪರದೆಯ ಮೇಲೆ ಕಾಣುವ ಕಿಟಕಿ, ಪಟ್ಟಿ, ಗುಂಡಿಗಳ ಅಂಗಳಕ್ಕೆ ಡೆಸ್ಕ್‌ಟಾಪ್ ಎನ್ನುತ್ತಾರೆ. 1996ರಲ್ಲಿ ಜರ್ಮನಿಯ ವಿದ್ಯಾರ್ಥಿ ಮಥಿಯಾಸ್ ಎಟ್ರಿಕ್ ಕೆ.ಡಿ.ಇ. ಎಂಬ ಅಂಗಳವನ್ನು ಆರಂಭಿಸಿದ. ಅದರ ತಳಪಾಯ ಕ್ಯೂಟಿ ಎಂಬ ತಂತ್ರಾಂಶ, ನಾರ್ವೆಯ ಒಂದು ಕಂಪನಿಯದು, ಆಗ ಪೂರ್ತಿ ಮುಕ್ತವಾಗಿರಲಿಲ್ಲ. ಇದನ್ನು ಒಪ್ಪದ ಮೆಕ್ಸಿಕೋದ ಮಿಗೆಲ್ ಡಿ ಇಕಾಜಾ ಮತ್ತು ಫೆಡೆರಿಕೊ ಮೆನಾ 1997ರಲ್ಲಿ ಗ್ನೋಮ್ ಎಂಬ ಇನ್ನೊಂದು ಅಂಗಳ ಹಾಕಿದರು. 2000ದಲ್ಲಿ ಕ್ಯೂಟಿ ಸ್ಟಾಲ್‌ಮನ್ನರ ಕರಾರಿಗೆ ಬಂತು. ಜಗಳದ ಕಾರಣ ಹೋಯಿತು, ಎರಡು ಅಂಗಳಗಳು ಉಳಿದವು. ಕನ್ನಡದ ಸ್ವಯಂಸೇವಕರು ‘ಕಡತ’, ‘ತೆರೆ’, ‘ಉಳಿಸು’ ಎಂಬಂಥ ಸಾವಿರಾರು ಮಾತುಗಳನ್ನು ಗ್ನೋಮಿಗೆ ಒಮ್ಮೆ, ಕೆ.ಡಿ.ಇ.ಗೆ ಇನ್ನೊಮ್ಮೆ ಕೂತು ಅನುವಾದಿಸಬೇಕಾಯಿತು. ಎತ್ತು ಏರಿಗೆ, ಕೋಣ ನೀರಿಗೆ. ನಡುವೆ ರಂಟೆ ಹಿಡಿದವನ ಕೈ ಸೋತಿತು.

ಆದರೆ ಇದೇ ಎರಡು ಅಂಗಳಗಳು ಒಂದು ಒಳ್ಳೆಯ ಕೆಲಸವನ್ನೂ ಮಾಡಿದವು. ‘ಅಕ್ಕ’ ಎಂಬ ಶಬ್ದವನ್ನು ಯಂತ್ರ ಇಡುವ ರೀತಿ ನೋಡಿ. ಅ, ಆಮೇಲೆ ಕ, ಆಮೇಲೆ ಅರ್ಧಾಕ್ಷರದ ಗುರುತು, ಆಮೇಲೆ ಇನ್ನೊಂದು ಕ. ಇದು ಯೂನಿಕೋಡ್ ಎಂಬ ಜಾಗತಿಕ ಪದ್ಧತಿ, ಎಲ್ಲ ಪಕ್ಷಗಳೂ ಒಪ್ಪಿದ್ದು. ಎರಡನೆಯ ಕ ಮೊದಲನೆಯದರ ಕೆಳಗೆ ಒತ್ತಾಗಿ ಕೂರಬೇಕಾದರೆ ಜೋಡಿಸುವ ಒಬ್ಬ ಕುಶಲಕರ್ಮಿ ಬೇಕು. ಇಲ್ಲದಿದ್ದರೆ ಅಕ್ಷರಗಳು ಸಾಲಾಗಿ ಮುರಿದು ಬೀಳುತ್ತವೆ. ಈ ಜೋಡಣೆಯ ಕೆಲಸವನ್ನು ಗ್ನೋಮಿನವರು ತಮ್ಮ ಪಾಂಗೊದಲ್ಲಿ, ಕೆ.ಡಿ.ಇ. ನಿಂತಿರುವ ಕ್ಯೂಟಿಯವರು ತಮ್ಮಲ್ಲಿ, ಒಂದೇ ಮೂಲದ ಎರಡು ನಕಲು ಇಟ್ಟುಕೊಂಡು ಬೇರೆ ಬೇರೆ ಮಾಡುತ್ತಿದ್ದರು. 2000ರ ದಶಕದಲ್ಲಿ ಎರಡೂ ಕಡೆಯವರು ಅದನ್ನು ಒಂದೇ ಕಡೆ ಕೂಡಿಸಿದರು. ಹೆಸರು ಹರ್ಫ್‌ಬಜ್. ಪಾರ್ಸಿಯ ಈ ಹೆಸರಿನ ಮೊದಲ ಭಾಗ ‘ಹರಫ್’ ಎಂದರೆ ಅಕ್ಷರ ಎಂದು ನಿಜಾಮಶಾಹಿಯ ಕಾಲದಲ್ಲಿ ಉರ್ದು ಕಲಿತ ಹಿರಿಯರಿದ್ದ ನಮ್ಮ ಕಡೆಯವರಿಗೆ ಹೇಳಬೇಕಿಲ್ಲ. ಇರಾನಿನಲ್ಲಿ ಹುಟ್ಟಿದ ಬೆಹದಾದ್ ಎಸ್‌ಫಹಬೋದ್ ಅದನ್ನು ಹೊಸದಾಗಿ ಬರೆದು ಬೆಳೆಸಿದರು. ಇಂದು ಎರಡೂ ಅಂಗಳಗಳಲ್ಲಿ ಅದೇ, ಆಂಡ್ರಾಯ್ಡ್ ಮೊಬೈಲಿನಲ್ಲಿಯೂ ಅದೇ. ಆಂಡ್ರಾಯ್ಡಿನ ತಿರುಳು ಲಿನಕ್ಸ್ ಎಂಬುದೂ ತಮಗೆ ತಿಳಿದಿರಲಿ. ತಮ್ಮ ಕಿಸೆಯಲ್ಲಿ ಅಂಥ ಮೊಬೈಲ್ ಇದ್ದರೆ ತಾವೂ ಈ ಮನೆತನಕ್ಕೆ ಸೇರಿದವರೇ.

ಹೀಗೆಯೇ 2004ರಲ್ಲಿ ರೆಡ್ ಹ್ಯಾಟ್ ಕಂಪನಿ ಲೋಹಿತ್ ಎಂಬ ಮುಕ್ತ ಅಕ್ಷರವಿನ್ಯಾಸಗಳನ್ನು ಹೊರತಂದಿತು. ಕನ್ನಡಕ್ಕೊಂದು ಲೋಹಿತ್, ಮರಾಠಿ ಬರೆಯುವ ದೇವನಾಗರಿಗೊಂದು ಲೋಹಿತ್. ಆ ಕಂಪನಿಯ ಭಾರತೀಯ ಭಾಷೆಗಳ ಕೆಲಸ ನಡೆದದ್ದು ಪುಣೆಯಲ್ಲಿ. ಮರಾಠಿ ನಾಡಿನ ಪುಣೆಯಲ್ಲಿ ನೋಡಿಕೊಂಡ ಕನ್ನಡ ಅಕ್ಷರವನ್ನು ಡೆಬಿಯನ್ನಿನವರೂ ಉಬುಂಟುವಿನವರೂ ತಮ್ಮ ಕಣಜದಲ್ಲಿ ಇಟ್ಟುಕೊಂಡಿದ್ದಾರೆ.

ಗಡಿಯ ಕನ್ನಡಿಗರಿಗೆ ಇದರಿಂದ ಏನು ಲಾಭ ಎಂದು ಕೇಳಿದರೆ ಕಾಸರಗೋಡಿನ ಕಡೆ ನೋಡಬೇಕು. ನಮ್ಮ ನಿಲಂಗಾ, ಉದಗೀರ ತಾಲೂಕುಗಳು ಬೀದರ ಜಿಲ್ಲೆಯಿಂದ ಬೇರೆಯಾದ ಅದೇ 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿತು. ಅಲ್ಲಿ ಕನ್ನಡ ಮಾಧ್ಯಮದ ಶಾಲೆಗಳಿವೆ. ಶಾಲೆಗಳಿಗೆ ಗಣಕಯಂತ್ರ ತರುವ ಬಗ್ಗೆ ಕೇರಳ ಸರಕಾರ ನೇಮಿಸಿದ ಕಾರ್ಯಪಡೆಗೆ ಅಧ್ಯಕ್ಷರಾಗಿದ್ದವರು ಇಸ್ರೋದ ಮಾಜಿ ಅಧ್ಯಕ್ಷ, ಉಡುಪಿ ಹತ್ತಿರದ ಅದಮಾರಿನ ಪ್ರೊಫೆಸರ್ ಯು. ಆರ್. ರಾವ್. 2001ರಲ್ಲಿ ಐಟಿ ಅಟ್ ಸ್ಕೂಲ್ ಯೋಜನೆ ಶುರುವಾಯಿತು, 2017ರಲ್ಲಿ ಅದು ಕೈಟ್ ಎಂಬ ಸಂಸ್ಥೆಯಾಯಿತು. ಆರಂಭದಲ್ಲಿ ಅಲ್ಲಿಯೂ ವಿಂಡೋಸ್ ಇತ್ತು. ವಾದ ವಿವಾದಗಳ ನಂತರ ಶಾಲೆಗಳು ಮುಕ್ತ ವ್ಯವಸ್ಥೆಗೆ ಬಂದವು. ಮೊದಲು ಡೆಬಿಯನ್ ತಳಹದಿ, ಆಮೇಲೆ ಉಬುಂಟು ತಳಹದಿ. ನನ್ನ ಹುಡುಗರು ಯಾವುದಕ್ಕೆ ಹೊಡೆದಾಡಿದರೋ ಆ ಎರಡನ್ನೂ ಆ ಮಕ್ಕಳು ಕಂಡರು, ಕಲಿಕೆ ನಿಲ್ಲಲಿಲ್ಲ. ಪಠ್ಯ ಕನ್ನಡದಲ್ಲಿಯೂ ಬಂತು. ಶಾಲೆಗಳ 2 ಲಕ್ಷಕ್ಕೂ ಹೆಚ್ಚು ಯಂತ್ರಗಳಿಗೆ ಇದರಿಂದ 3000 ಕೋಟಿ ರೂಪಾಯಿ ಉಳಿಯುವುದೆಂದು 2019ರಲ್ಲಿ ಕೈಟ್ ಲೆಕ್ಕ ಕೊಟ್ಟಿತು.

ಆದುದರಿಂದ ಬಂಧುಗಳೇ, ತಮ್ಮ ಮನೆಯ ಮಕ್ಕಳು ನಮ್ಮದು ಮೇಲು, ನಿಮ್ಮದು ಕೀಳು ಎಂದು ಕಾದಾಡಿದರೆ ಗಾಬರಿಯಾಗಬೇಡಿ. ಜಗಳಾಡಲಿ, ಅದರಿಂದಲೂ ಬಾವಿ ತೋಡಿದವರಿದ್ದಾರೆ. ಆದರೆ ಮೂರು ಮಾತು ಹೇಳಿರಿ. ಒಂದು, ಬರೆದದ್ದನ್ನು ಯೂನಿಕೋಡಿನಲ್ಲಿ ಬರೆಯಿರಿ, ಆಗ ಅದು ಯಾರ ಮನೆಯಲ್ಲಾದರೂ ತೆರೆದುಕೊಳ್ಳುತ್ತದೆ. ಎರಡು, ಯಾವ ವ್ಯವಸ್ಥೆ ಒಳ್ಳೆಯದು ಎಂದರೆ ಕೆಟ್ಟಾಗ ರಿಪೇರಿ ಮಾಡಲು ಹತ್ತಿರದಲ್ಲಿ ಬಲ್ಲವರು ಇರುವುದು ಒಳ್ಳೆಯದು. ಮೂರು, ಯಾವುದನ್ನೂ ಅಳಿಸುವ ಮೊದಲು ಮನೆಯ ಹಿರಿಯರನ್ನು ಕೇಳಿರಿ, ನಕಲು ಎರಡು ಕಡೆ ಇಡಿರಿ.

ಮುಂದಿನ ದೀಪಾವಳಿಗೆ ಹುಡುಗರಿಬ್ಬರೂ ತಮ್ಮ ತಮ್ಮ ಯಂತ್ರ ಹಿಡಿದು ಬಂದರು. ಉಳಿದ 32 ಪದಗಳನ್ನು ಇಬ್ಬರಿಗೂ ಕೊಟ್ಟೆ. ಒಬ್ಬ ಉಬುಂಟುವಿನಲ್ಲಿ ತೆರೆದ, ಒಬ್ಬ ಡೆಬಿಯನ್ನಿನಲ್ಲಿ. ಎರಡರಲ್ಲಿಯೂ ಒತ್ತು ಒತ್ತಿನ ಜಾಗದಲ್ಲೇ ಇತ್ತು. ಅಕ್ಕ ಕನ್ನಡಕ ಏರಿಸಿ ಎರಡನ್ನೂ ನೋಡಿ, “ಎರಡೂ ಒಂದೇ ಅವಲ್ಲೋ, ಮತ್ತ ಬಡದಾಡಿದ್ದು ಯಾತಕ್ಕ?” ಎಂದಳು. ಹುಡುಗರು ನಕ್ಕರು.

ತಮ್ಮ ಮನೆಯಲ್ಲಿಯೂ ಬೀಸುವ ಪದ, ಕುಟ್ಟುವ ಪದ ಬಲ್ಲ ತಾಯಂದಿರು ಇದ್ದಾರು. ಅವರು ಹಾಡುವುದನ್ನು ಈ ವಾರವೇ ಬರೆದಿಡಿರಿ. ಕಾಗದದ ಮೇಲಾದರೂ ಸರಿ, ಯಾವ ಯಂತ್ರದಲ್ಲಾದರೂ ಸರಿ.